ಭಾವನ ಬೆರಳಿನ ಅಳತೆ

ಇನ್ನೂ ಬೆಳಕು ಹರಿದಿಲ್ಲ. ಬೀದಿಯ ಅಂಗಡಿಗಳೆಲ್ಲ ಷಟರ್ ಎಳೆದುಕೊಂಡು ಮಲಗಿವೆ, ಒಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತ ದರ್ಜಿಯಮ್ಮ ಕಣ್ಣು ಮುಚ್ಚಿಕೊಂಡಿದ್ದಾರೆ. ನಿದ್ದೆ ಬಂತೇನೋ ಅಂದುಕೊಂಡು ನಾನು ಮೆಲ್ಲನೆ ಕೆಮ್ಮುತ್ತೇನೆ. ‘ಶ್! ಸ್ವಲ್ಪ ತಡೀರಿ’ ಎಂದು ಗದರಿಸಿ, ಕಣ್ಣು ಮುಚ್ಚಿಕೊಂಡೇ ತೊಡೆಯ ಮೇಲಿನ ಪೆಟ್ಟಿಗೆಗೆ ಕೈ ಹಾಕಿ ಬೆರಳುದ್ದದ ಮರದ ಕಡ್ಡಿಯೊಂದನ್ನು ತೆಗೆಯುತ್ತಾರೆ. ಹೆಬ್ಬೆರಳಿನಿಂದ ಅದನ್ನೊಮ್ಮೆ ಸವರಿ, ‘ಹಳದಿ’ ಎನ್ನುತ್ತಾರೆ. ಕಣ್ಣು ತೆರೆದು ನೋಡುತ್ತಾರೆ. ಹಳದಿಯೇ!

‘ಬನ್ನಿ, ಈಗ ಕೂತ್ಕೊಳ್ಳಿ. ಸ್ಟೂಲಿನ ಮೇಲಿರೋ ಪ್ಯಾಂಟು ಪಕ್ಕಕ್ಕಿಡಿ. ಅದರ ಯಜಮಾನರು ತೆಳ್ಳಗಾಗ್ತೀನಿ ಅಂತ ಹೇಳಿ ಹೋದವರು ಇನ್ನೂ ಬಂದಿಲ್ಲ.’

ಕೆಳಗೆ ಇವರ ಅಂಗಡಿ, ಮೇಲೆ ಬೋರ್ಡ್ ಆಟಗಳ ಕ್ಲಬ್ಬು. ಕ್ಲಬ್ಬು ಅಂದೊಡನೆ ನೀವು ದೊಡ್ಡದೇನೋ ಊಹಿಸಿಕೊಳ್ಳಬೇಡಿ. ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ, ಕಾಲು ಅಲ್ಲಾಡುವ ಐದಾರು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು. ವಾರಕ್ಕೊಂದು ಸಂಜೆ ಬೀದಿಯ ಜನ ಬಂದು ಆಡಿ ಹೋಗುತ್ತಾರೆ. ಕ್ಲಬ್ಬಿಗೆ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿಯೂ ಇದ್ದಾರೆ. ಗೋಡೆಯ ಮೇಲೆ ಅವರ ಫೋಟೋಗಳಿವೆ. ಬೀಗ ತೆಗೆದು, ಕಸ ಗುಡಿಸಿ, ಬಿರುಕು ಬಿಟ್ಟ ಹಲಗೆಗಳಿಗೆ ಬಟ್ಟೆ ಅಂಟಿಸಿ, ಪ್ರತಿ ಆಟದ ಕಾಯಿಗಳಿಗೂ ಚೀಲ ಹೊಲಿದು, ಹೊಸಬರಿಗೆ ಆಟ ಹೇಳಿಕೊಟ್ಟು, ಕೊನೆಗೆ ಕುರ್ಚಿ ಎತ್ತಿಡುವ ಈ ಹೆಂಗಸಿನ ಫೋಟೋ ಮಾತ್ರ ಎಲ್ಲೂ ಇಲ್ಲ. ಕೇಳಿದರೆ, ‘ಅಯ್ಯೋ, ನಾನು ಗೋಡೇಲಿ ನೇತಾಡಿದ್ರೆ ಕೆಲಸ ಮಾಡೋರು ಯಾರು?’ ಎಂದು ನಗುತ್ತಾರೆ.

ನಾನು ಬಂದದ್ದು ಅವರ ಇಷ್ಟು ವರ್ಷದ ದುಡಿಮೆಯ ಬಗ್ಗೆ ಪತ್ರಿಕೆಗೆ ಬರೆಯುವುದಕ್ಕೆ. ಅವರಿಗೋ ಇವತ್ತಿನ ಸಂಜೆಯದ್ದೇ ಚಿಂತೆ. ‘ನನ್ನ ಕಥೆ ಇರಲಿ ಬಿಡಿ, ಎಲ್ಲಿಗೂ ಓಡಿಹೋಗಲ್ಲ. ಇವತ್ತು ಭಾವ ಆಡಿದ್ರೆ ಸಾಕು’ ಅಂತ ಮತ್ತೆ ಕಣ್ಣು ಮುಚ್ಚಿ ಇನ್ನೊಂದು ಕಡ್ಡಿ ತೆಗೆಯುತ್ತಾರೆ. ‘ನೀಲಿ.’ ಅದೂ ಸರಿ.

ಭಾವ ಅಂದರೆ ಅಕ್ಕನ ಗಂಡ. ಕೈ ಬಲವಿರುವವರೆಗೂ ಬಸ್ಸು ಓಡಿಸಿದವರು. ದರ್ಜಿಯಮ್ಮ ಚಿಕ್ಕವರಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಆಗ ಅಕ್ಕನಿಗೆ ಹೊಸದಾಗಿ ಮದುವೆಯಾಗಿತ್ತು. ‘ಅಕ್ಕನ ಪೆಟ್ಟಿಗೆ ಜೊತೆ ಬಂದ ಇನ್ನೊಂದು ಮೂಟೆ ನಾನು’ ಎನ್ನುತ್ತಾರೆ. ಆ ಮನೆಗೆ ಬಂದ ಹುಡುಗಿ ತಿಂಗಳುಗಟ್ಟಲೆ ತುಟಿ ಪಿಟಕ್ಕೆನ್ನಲಿಲ್ಲವಂತೆ. ಭಾವ ಕೆಲಸ ಮುಗಿಸಿ ಬಂದವರು ಸಮಾಧಾನದ ಮಾತು ಒಂದೂ ಆಡದೆ, ನೆಲದ ಮೇಲೆ ರಸ್ತೆ ಆಟದ ಹಲಗೆ ಹಾಸಿ, ‘ಬಾ, ಕೂತ್ಕೋ’ ಎನ್ನುತ್ತಿದ್ದರು.

ರಸ್ತೆ ಆಟ ಸುಲಭ. ಹಲಗೆಯ ತುಂಬ ಊರುಗಳ ಗುರುತು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಕಡ್ಡಿ. ಸರದಿ ಬಂದಾಗ ಊರಿಂದ ಊರಿಗೆ ಒಂದು ಕಡ್ಡಿ ಇಟ್ಟು ರಸ್ತೆ ಬೆಳೆಸಬೇಕು, ಬೇರೆಯವರ ರಸ್ತೆಗೆ ಅಡ್ಡ ಹಾಕಬೇಕು. ಯಾರ ರಸ್ತೆ ಹಲಗೆಯ ಈ ಅಂಚಿನಿಂದ ಆ ಅಂಚಿಗೆ ಮೊದಲು ಮುಟ್ಟುತ್ತದೋ ಅವರು ಗೆದ್ದಂತೆ.

‘ಒಂದಿನಾನೂ ಬಿಟ್ಟುಕೊಟ್ಟವರಲ್ಲ ಪುಣ್ಯಾತ್ಮ. ನಾನು ಸೋತು ಅಳ್ತಿದ್ದೆ. ಅಕ್ಕ ಬಂದು, ಮಗು ಕಣ್ರೀ ಅದು, ಒಂದು ಸಲ ಸೋಲಬಾರದಾ ಅಂತ ಬೈತಿದ್ಳು. ಇವರು, ಮಗುವಾದ್ರೇನು, ತಲೆ ಇಲ್ವಾ ಅವಳಿಗೆ, ಅನ್ನೋರು. ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಊರೆಲ್ಲ ಅಯ್ಯೋ ಪಾಪ ಅಂತಿದ್ದಾಗ ಅವರೊಬ್ಬರೇ ಹಾಗೆ ಅನ್ನದೆ ಇದ್ದದ್ದು.’

ಆ ಭಾವನ ಕಣ್ಣು ಈಗ ಮಂಜಾಗುತ್ತ ಬಂದಿದೆ. ನೋಟದ ನಡುವೆ ಬರೀ ಬೂದಿ ಬಣ್ಣ, ಅಂಚಿನಲ್ಲಿ ಅಷ್ಟಿಷ್ಟು ಬೆಳಕು. ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದಾರೆ. ಮನೆಯಲ್ಲಿ ಮಾತು ಕಡಿಮೆಯಾಗಿದೆ. ಗಡ್ಡ ಬೋಳಿಸಿಕೊಂಡು ಇಸ್ತ್ರಿಯ ಅಂಗಿ ಹಾಕಿಕೊಳ್ಳುವುದು ಕ್ಲಬ್ಬಿನ ಸಂಜೆ ಮಾತ್ರ. ಹೋದ ವಾರ ಅದಕ್ಕೂ ಕುತ್ತು ಬಂತು. ಎದುರಿಗೆ ಆಡುತ್ತಿದ್ದ ನಿವೃತ್ತ ಮೇಷ್ಟ್ರು ಇವರ ರಸ್ತೆಗೆ ಅಡ್ಡ ಹಾಕಬಹುದಾಗಿದ್ದ ಕಡೆ ಬೇಕೆಂದೇ ಹಾಕಲಿಲ್ಲ. ಭಾವ ಗೆದ್ದರು. ಗೆದ್ದ ಮೇಲೆ ಬೆರಳಾಡಿಸಿ ನೋಡಿದರೆ ಅಲ್ಲಿ ಖಾಲಿ ಜಾಗ! ‘ನನಗೆ ಭಿಕ್ಷೆ ಹಾಕ್ತೀರಾ ಮೇಷ್ಟ್ರೇ?’ ಅಂದವರೇ ಎದ್ದರು. ಇನ್ನು ಈ ಮೆಟ್ಟಿಲು ಹತ್ತಲ್ಲ ಎಂದುಬಿಟ್ಟರು.

ಅಕ್ಕ ಕಾಲು ಹಿಡಿಯುವುದೊಂದು ಬಾಕಿ. ಕಡೆಗೆ, ‘ಇನ್ನೊಂದೇ ಸಂಜೆ. ನೆಟ್ಟಗೆ ಆಡೋಕಾಗದಿದ್ರೆ ಮತ್ತೆ ನನ್ನನ್ನ ಕರೀಬಾರದು’ ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ಆ ಸಂಜೆ ಇವತ್ತು.

ಅದಕ್ಕೇ ವಾರವಿಡೀ ದರ್ಜಿಯಮ್ಮನಿಗೆ ಸರಿಯಾದ ನಿದ್ದೆಯಿಲ್ಲ. ಮರದ ಹಲಗೆಯ ಬದಲು ದಪ್ಪ ಬಟ್ಟೆಯದೊಂದು ಹಲಗೆ ಹೊಲಿದಿದ್ದಾರೆ. ಊರುಗಳ ಗುರುತು ಉಬ್ಬು ಕಸೂತಿಯಲ್ಲಿದೆ. ಊರಿನಿಂದ ಊರಿಗೆ, ಪ್ಯಾಂಟಿನ ಸೊಂಟಕ್ಕೆ ಬೆಲ್ಟು ತೂರಿಸಲು ಇರುತ್ತದಲ್ಲ, ಅಂಥದೇ ಪಟ್ಟಿಗಳು. ಕಡ್ಡಿಯನ್ನು ಅದರೊಳಗೆ ತೂರಿಸಿದರೆ ಕೈ ತಾಗಿದರೂ ಜರುಗುವುದಿಲ್ಲ. ಬಣ್ಣ ಗೊತ್ತಾಗಲು ಕಡ್ಡಿಗಳಿಗೆ ನೂಲು ಸುತ್ತಿದ್ದಾರೆ. ಹಳದಿಗೆ ಒಂದು ಸುತ್ತು, ನೀಲಿಗೆ ಎರಡು, ಹಸಿರಿಗೆ ಮೂರು, ಕೆಂಪು ಬೋಳು. ಅದನ್ನೇ ಅವರು ಇಷ್ಟು ಹೊತ್ತು ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದದ್ದು. ಒಂದೂ ತಪ್ಪಿಲ್ಲ. ‘ಭೇಷ್!’ ಎಂದು ನಾನು ಶಭಾಷ್‌ಗಿರಿ ಕೊಡುತ್ತೇನೆ. ನಾನೂ ಮುಟ್ಟಿ ನೋಡಬಹುದಿತ್ತು, ನೋಡಲಿಲ್ಲ.

ಹಗಲೆಲ್ಲ ಎಂದಿನ ಕೆಲಸ. ಕಾಲರು ತಿರುಗಿಸುವುದು, ಜಿಪ್ಪು ಬದಲಿಸುವುದು, ‘ಇವತ್ತೇ ಬೇಕು’ ಎನ್ನುವವರಿಗೆ ‘ಎಲ್ರಿಗೂ ಇವತ್ತೇ ಬೇಕು, ನಿನ್ನೆ ಯಾರೂ ಬರಲಿಲ್ಲ’ ಎಂದು ಉತ್ತರ ಕೊಡುವುದು. ಹೆಂಗಸೊಬ್ಬರು ಹೆಗಲ ಅಳತೆ ಹಳೆಯದೇ ಇದೆಯಲ್ಲ ಎಂದರೂ ಬಿಡದೆ ದರ್ಜಿಯಮ್ಮ ಅವರನ್ನು ನಿಲ್ಲಿಸಿ, ಹೊಸದಾಗಿ ಟೇಪು ಹಿಡಿಯುತ್ತಾರೆ. ಅಳತೆ ತೆಗೆಯದೆ ಕತ್ತರಿ ಹಿಡಿದವರಲ್ಲ ಅವರು.

ಸಂಜೆ ಅಕ್ಕ ಗಂಡನ ಕೈ ಹಿಡಿದು ಮೆಟ್ಟಿಲ ಬುಡದವರೆಗೆ ಕರೆತಂದು ಬಿಟ್ಟು ಹೋಗುತ್ತಾರೆ. ಎತ್ತರದ ಆಳು ಭಾವ. ಗೋಡೆ ಸವರುತ್ತ ಒಬ್ಬರೇ ಹತ್ತಿ ಬರುತ್ತಾರೆ. ಮೇಷ್ಟ್ರು ಎದ್ದು ನಿಂತು ಏನೋ ಹೇಳಹೋದರೆ, ‘ಮಾತು ಬೇಡ, ಆಟ ಆಡೋಣ’ ಎಂದು ತಡೆಯುತ್ತಾರೆ. ಮೂರನೆಯವರು ಪಾಳಿ ಮುಗಿಸಿ ಬಂದ ಆಸ್ಪತ್ರೆಯ ನರ್ಸಮ್ಮ. ನಾಲ್ಕನೆಯವರು ಸಿಗದೆ ನನ್ನನ್ನು ಹಿಡಿದು ಕೂರಿಸುತ್ತಾರೆ. ಭಾವನದು ಎಂದಿನಂತೆ ನೀಲಿ, ಮೇಷ್ಟ್ರದು ಹಳದಿ, ನರ್ಸಮ್ಮನದು ಹಸಿರು, ಪೆದ್ದನಾದ ನನ್ನದು ಕೆಂಪು. ದರ್ಜಿಯಮ್ಮ ಆಡುವುದಿಲ್ಲ. ಭಾವನ ಬೆನ್ನ ಹಿಂದೆ ನಿಂತಿದ್ದಾರೆ.

ಮೊದಲ ಸುತ್ತುಗಳು ಚೆನ್ನಾಗಿಯೇ ನಡೆಯುತ್ತವೆ. ಬಟ್ಟೆಯ ಮೇಲೆ ಅಂಗೈ ಆಡಿಸಿ, ‘ಏನೇ ಇದು, ಬೆಲ್ಟು ಪಟ್ಟಿ ಹಾಕಿದ್ದೀಯಾ? ಪರವಾಗಿಲ್ವೇ!’ ಎಂದು ಭಾವ ಮೆಚ್ಚುತ್ತಾರೆ. ಆಮೇಲೆ ಒಂದು ಸರದಿಯಲ್ಲಿ ತಮ್ಮ ಕಡ್ಡಿಯನ್ನು ಒಂದು ರಸ್ತೆಯ ತುದಿಗೆ ಜೋಡಿಸುತ್ತಾರೆ. ಅದು ಅವರ ರಸ್ತೆಯಲ್ಲ, ಮೇಷ್ಟ್ರದು. ಮೇಜು ಗಪ್‌ಚುಪ್.

‘ಯಾಕೆ ಎಲ್ರೂ ಸುಮ್ಮನಾದ್ರಿ?’

‘ಅದು ಹಳದಿ ರಸ್ತೆ ಅಣ್ಣ’ ಎನ್ನುತ್ತಾರೆ ನರ್ಸಮ್ಮ, ಮುಚ್ಚುಮರೆ ಮಾಡದೆ. ಭಾವ ಕಡ್ಡಿ ಹಿಂದಕ್ಕೆ ತೆಗೆದುಕೊಂಡು, ಮತ್ತೆ ಸವರಿ, ಇನ್ನೊಂದು ಕಡೆ ಇಡುತ್ತಾರೆ. ಈ ಸಲ ಅದು ಹಸಿರು ರಸ್ತೆ. ಅವರು ಎರಡೂ ಕೈ ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

‘ಸಾಕಮ್ಮ. ನೀನು ಮಾಡೋದೆಲ್ಲ ಮಾಡಿದೆ. ನನ್ನ ಕೈಲಿ ಆಗಲ್ಲ’ ಎಂದು ಕುರ್ಚಿ ಹಿಂದಕ್ಕೆ ಸರಿಸುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ದರ್ಜಿಯಮ್ಮ ಅವರ ಬಲಗೈ ಎಳೆದುಕೊಂಡು ಒಂದು ಹಳದಿ ಕಡ್ಡಿ ಇಡುತ್ತಾರೆ. ‘ನೂಲು ಸಿಗ್ತಾ ಭಾವ?’

‘ಎಲ್ಲಿ ನೂಲು?’

‘ನಡುವೆ ಇದೆ ನೋಡಿ. ಒಂದು ಸುತ್ತು.’

‘ಏನೂ ಇಲ್ಲ ಕಣೇ.’

ಮೂರು ಸುತ್ತಿನ ಹಸಿರು ಕಡ್ಡಿ ಕೊಡುತ್ತಾರೆ. ಅದರಲ್ಲೂ ಏನೂ ಇಲ್ಲ. ದರ್ಜಿಯಮ್ಮ ಆ ಕೈಯನ್ನು ತಿರುಗಿಸಿ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಆಯುಷ್ಯವೆಲ್ಲ ಸ್ಟೀರಿಂಗು, ಗೇರು, ಬಿಸಿ ಬಾನೆಟ್ಟು ಹಿಡಿದು ಜಡ್ಡುಗಟ್ಟಿದ ಕೈ. ಚರ್ಮ ಚಪ್ಪಲಿಯಷ್ಟು ದಪ್ಪವಾಗಿದೆ. ಹತ್ತಿಯ ಎಳೆಯನ್ನು ಕತ್ತಲಲ್ಲೂ ಗುರುತು ಹಿಡಿಯುವ ಬೆರಳು ದರ್ಜಿಯಮ್ಮನದು. ಅದೇ ಬೆರಳಿನಿಂದ ಪರೀಕ್ಷೆ ಮಾಡಿ ಸರಿಯಿದೆ ಅಂದುಕೊಂಡಿದ್ದಾರೆ!

‘ಥೂ ನನ್ನ ಬುದ್ಧಿಗಿಷ್ಟು!’ ಹಣೆ ಚಚ್ಚಿಕೊಳ್ಳುತ್ತಾರೆ. ‘ಭಾವ, ನಿಮ್ಮ ಕೈಯಲ್ಲಿ ಆಗದೆ ಇರೋದಲ್ಲ. ನಾನು ನಿಮ್ಮ ಅಳತೆನೇ ತಗೊಂಡಿಲ್ಲ. ನನ್ನ ಕೈಗೆ ಹೊಲಿದು ನಿಮಗೆ ತೊಡಿಸಿದ್ದೀನಿ. ಈ ಟೇಪು ಕೊರಳಲ್ಲಿ ಯಾಕೆ ಹಾಕ್ಕೊಂಡು ಓಡಾಡ್ತೀನೋ!’

‘ಬಿಡು, ಆಯ್ತು.’

‘ಬಿಡಲ್ಲ. ನಿಮ್ಮ ಷರತ್ತು ನೆಟ್ಟಗೆ ಆಡೋದು ತಾನೇ? ಇನ್ನೂ ಆಡೇ ಇಲ್ಲ. ಸಂಜೆ ಮುಗಿದಿಲ್ಲ. ಕೂತ್ಕೊಳ್ಳಿ ಸುಮ್ನೆ!’

ಸಾಕಿದವರನ್ನೇ ಹೀಗೆ ಗದರಿಸಿ ಕೂರಿಸಿ, ದಡದಡ ಕೆಳಗಿಳಿದು ಹೋಗಿ ಅಂಗಡಿಯಿಂದ ಒಂದು ಡಬ್ಬಿ ತರುತ್ತಾರೆ. ಗುಂಡಿ, ಕೊಕ್ಕೆ, ಲಾಡಿ, ಟಿಚ್ ಬಟನ್ನು, ಎಲ್ಲ ಅದರಲ್ಲಿದೆ. ಒಂದೊಂದನ್ನೇ ಭಾವನ ಬೆರಳಿಗೆ ಕೊಟ್ಟು, ‘ಇದು?’ ಎನ್ನುತ್ತಾರೆ. ಟಿಚ್ ಬಟನ್ನಿಗೆ ಭಾವ ತಡವರಿಸುತ್ತಾರೆ. ತಕ್ಷಣ ಅದು ಡಬ್ಬಿಗೆ ವಾಪಸು. ‘ಇದು?’ ‘ಗುಂಡಿ.’ ‘ಇದು?’ ‘ಕೊಕ್ಕೆ, ಚುಚ್ಚುತ್ತಲ್ಲೇ!’ ‘ಇದು?’ ‘ಲಾಡಿ ಗಂಟು.’ ಕೇಳಿದ ಕೂಡಲೇ ಬಾಯಿಂದ ಬಂದದ್ದಷ್ಟೇ ಪಾಸು.

ಆಮೇಲೆ ನಮಗೆಲ್ಲ ಕೆಲಸ. ನೀಲಿ ಕಡ್ಡಿಯ ತಲೆಗೆ ಗುಂಡಿ, ಹಳದಿಗೆ ಕೊಕ್ಕೆ, ಹಸಿರಿಗೆ ಲಾಡಿ ಗಂಟು. ಕೆಂಪು ಹೇಗಿದ್ದರೂ ಬೋಳು. ನರ್ಸಮ್ಮನ ಕೈ ಚುರುಕು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಕೊಕ್ಕೆ ಕಟ್ಟುತ್ತಾರೆ. ನಾನು ಹಾಕಿದ ಗಂಟುಗಳನ್ನು ದರ್ಜಿಯಮ್ಮ ಎಲ್ಲರೆದುರೇ ಬಿಚ್ಚುತ್ತಾರೆ. ‘ನೀವು ಬರೆಯೋದೇ ಸರಿ’ ಎಂಬ ಪ್ರಶಸ್ತಿ ಬೇರೆ. ಪಕ್ಕದ ಮೇಜಿನವರು ಆಟ ನಿಲ್ಲಿಸಿ ತಾವೂ ಒಂದಷ್ಟು ಕಡ್ಡಿ ಎತ್ತಿಕೊಳ್ಳುತ್ತಾರೆ. ಭಾವ ಕೈಕಟ್ಟಿ ಕೂತಿದ್ದಾರೆ, ಎದ್ದು ಹೋಗಿಲ್ಲ.

ಆಟ ಮೊದಲಿನಿಂದ ಶುರುವಾಗುತ್ತದೆ. ಈಗ ಭಾವನ ಕೈ ಬಟ್ಟೆಯ ಮೇಲೆ ಸರಸರ ಓಡುತ್ತದೆ. ‘ಇಲ್ಲಿ ಲಾಡಿ, ಇಲ್ಲಿ ಕೊಕ್ಕೆ, ಇದು ನಂದು. ಇಲ್ಲಿ ಬೋಳು. ಪತ್ರಿಕೆಯವರೇ, ನಿಮ್ಮ ರಸ್ತೆ ಎತ್ತ ಹೊರಟಿದೆ, ನಿಮಗಾದ್ರೂ ಗೊತ್ತಾ?’ ಗೊತ್ತಿರಲಿಲ್ಲ. ಒಂದು ಸಲವೂ ತಪ್ಪದೆ ಅವರು ರಸ್ತೆ ಬೆಳೆಸಿಕೊಂಡು ಹೋಗುತ್ತಾರೆ. ಅಂಚು ಮುಟ್ಟಲು ಇನ್ನೊಂದೇ ಕಡ್ಡಿ ಬಾಕಿ.

ಸರದಿ ಮೇಷ್ಟ್ರದು. ಅಡ್ಡ ಹಾಕಬಹುದಾದ ಜಾಗ ಎದುರಿಗೇ ಇದೆ. ಮೇಷ್ಟ್ರ ಕೈ ಗಾಳಿಯಲ್ಲಿ ನಿಂತುಬಿಡುತ್ತದೆ. ಅವರು ದರ್ಜಿಯಮ್ಮನ ಮುಖ ನೋಡುತ್ತಾರೆ. ಆಯಮ್ಮ ಸೆರಗಿನ ತುದಿ ಬಿಗಿಹಿಡಿದು, ಹಾಕಿ ಎಂಬಂತೆ ತಲೆ ಆಡಿಸುತ್ತಾರೆ. ಮೇಷ್ಟ್ರು ಹಳದಿ ಕಡ್ಡಿಯನ್ನು ಪಟ್ಟಿಯೊಳಗೆ ತೂರಿಸುತ್ತಾರೆ.

ಭಾವ ಗೆಲುವಿನ ಕಡ್ಡಿ ಹಿಡಿದು, ಜಾಗ ಹುಡುಕುತ್ತ ಬೆರಳು ಸರಿಸುತ್ತಾರೆ. ಬೆರಳಿಗೆ ಕೊಕ್ಕೆ ತಗಲುತ್ತದೆ. ಇನ್ನೊಮ್ಮೆ ಸವರುತ್ತಾರೆ. ಕೊಕ್ಕೆಯೇ.

‘ಮೇಷ್ಟ್ರೇ! ಇಲ್ಲಿ ಬಂದು ಕೂತ್ರಾ? ಮಾನ ಮರ್ಯಾದೆ ಇದ್ಯೇನ್ರೀ ನಿಮಗೆ? ಕಣ್ಣು ಕಾಣದವನ ದಾರಿಗೆ ಅಡ್ಡ ಹಾಕ್ತೀರಾ?’

‘ಹಾಕ್ತೀನಿ, ಇನ್ನೂ ಹಾಕ್ತೀನಿ!’ ಮೇಷ್ಟ್ರೂ ದನಿ ಏರಿಸುತ್ತಾರೆ. ‘ಕಡ್ಡಿ ಇದ್ದಷ್ಟೂ ಹಾಕ್ತೀನಿ. ಏನ್ ಮಾಡ್ತೀರಿ?’

ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಹಾಕಿಕೊಳ್ಳುತ್ತಾ ಮೂಲೆಗೆ ಬೀಳುತ್ತಾರೆ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂಬಂತೆ, ನರ್ಸಮ್ಮ ಸದ್ದಿಲ್ಲದೆ ಆಚೆ ಅಂಚು ಮುಟ್ಟಿ, ಚೀಲ ಹೆಗಲಿಗೇರಿಸಿ, ‘ನಾನು ಗೆದ್ದೆ, ಬರ್ತೀನಿ’ ಎನ್ನುತ್ತಾರೆ. ಜಗಳದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ.

ಗಂಡನನ್ನು ಕರೆದೊಯ್ಯಲು ಬಂದ ಅಕ್ಕ ಮೆಟ್ಟಿಲ ನಡುವೆಯೇ ನಿಂತಿದ್ದಾರೆ. ಮೇಲಿಂದ ಬರುತ್ತಿರುವ ಆರ್ಭಟ ಕೇಳುತ್ತ, ‘ಬೈತಾ ಇದ್ದಾರೆ, ನೋಡೇ, ಬೈತಾ ಇದ್ದಾರೆ!’ ಎಂದು, ಇಳಿದು ಬಂದ ತಂಗಿಯ ಕೈ ಹಿಡಿದು ಅಳುತ್ತಾರೆ. ತಂಗಿಯ ಕಣ್ಣಲ್ಲೂ ನೀರು. ಭಾವ ಗೋಡೆ ಹಿಡಿದು ಬಿರಬಿರನೆ ಇಳಿದು ಬರುತ್ತಾರೆ. ಹಿಂದೆ ತಿರುಗಿ, ‘ಮುಂದಿನ ವಾರ ಇದೆ ನಿಮಗೆ ಹಬ್ಬ!’ ಎಂದು ಮೇಷ್ಟ್ರಿಗೆ ಕೂಗಿ ಹೇಳುತ್ತಾರೆ. ನಾದಿನಿಗೆ ಒಂದು ಒಳ್ಳೆಯ ಮಾತೂ ಇಲ್ಲ. ಅಕ್ಕ ಭಾವ ಇಬ್ಬರೂ ಬೀದಿಯ ತಿರುವು ದಾಟುವವರೆಗೆ ಅವರ ಬೈಗುಳ ಕೇಳಿಸುತ್ತಲೇ ಇರುತ್ತದೆ.

ಕುರ್ಚಿಗಳನ್ನೆತ್ತಿಡುತ್ತಿರುವ ದರ್ಜಿಯಮ್ಮನನ್ನು, ಇಷ್ಟೆಲ್ಲ ಮಾಡಿದಿರಿ, ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ, ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಅವರು ಬಟ್ಟೆಯ ಹಲಗೆಯನ್ನು ಕೊಡವಿ, ನೀಟಾಗಿ ಮಡಿಸುತ್ತಾರೆ.

‘ಬಟ್ಟೆ ಸರಿಯಾಗಿ ಕೂತ್ರೆ, ಹಾಕ್ಕೊಂಡವರಿಗೆ ಅದು ಮೈಮೇಲಿರೋದೇ ಮರೆತು ಹೋಗುತ್ತೆ. ಭಾವನಿಗೆ ಇವತ್ತು ಜಗಳ ಒಂದೇ ನೆನಪಲ್ಲಿರೋದು ನೋಡಿ. ಇದಕ್ಕಿಂತ ಚೆನ್ನಾಗಿ ನಾನು ಏನೂ ಹೊಲಿದಿಲ್ಲ.’