ಬೆಟ್ಟದ ಮುಂದೆ ಬೂಟು ಬಿಚ್ಚಿದ್ದು

ಆಗ ನನಗೆ ಅರವತ್ತೆಂಟು. ಒಂಬತ್ತು ವರ್ಷದ ಹಿಂದಿನ ಮಾತು, 2016ರ ಜುಲೈ. ನಾನು ಕಲಿತದ್ದು ಮೂರನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಗ ಬಸು ನ್ಯೂಜಿಲೆಂಡಿನ ಹಾರ್ನ್‌ಬಿಯಲ್ಲಿ ನೌಕರಿ ಮಾಡುತ್ತಾನೆ. ರಜೆ ಹಾಕಿ ನನ್ನನ್ನೂ ಸೊಸೆ ವಿದ್ಯಾಳನ್ನೂ ಮೌಂಟ್ ಕುಕ್ ತೋರಿಸಲು ಕರೆದೊಯ್ದ. ಆ ದೇಶದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಜುಲೈ ಅಲ್ಲಿ ಚಳಿಗಾಲ. ಸುತ್ತಲಿನವುಗಳ ನಡುವೆ ಮೈತುಂಬ ವಿಭೂತಿ ಬಳಿದುಕೊಂಡು ಕೂತಂತಿತ್ತು. ಅಂದು ಸೋಮವಾರ ಬೇರೆ. ಬುಡದ ಹಳ್ಳಿಯಲ್ಲಿ ಇಬ್ಬರೂ ಚಹಾ ತರಲು ಹೋದರು. ನಾನು ಬೂಟು, ಕಾಲುಚೀಲ ಬಿಚ್ಚಿ ಕಾರಿನಲ್ಲಿಟ್ಟು ಹಿಮದ ದಾರಿ ಹಿಡಿದೆ. ದೇವರ ಮುಂದೆ ಚಪ್ಪಲಿ ಹಾಕಿಕೊಂಡು ನಿಂತವಳಲ್ಲ ನಾನು.

ಮೊದಲು ಕಾಲು ಚುರುಗುಟ್ಟಿತು, ಆಮೇಲೆ ಏನೂ ಇಲ್ಲ. ನೋವಿಲ್ಲವಲ್ಲ ಎಂದು ನಡೆದೆ. ನನ್ನಂಥ ಸಕ್ಕರೆ ಕಾಯಿಲೆಯವರಿಗೆ ಅದೇ ಗಂಡಾಂತರ ಎಂಬುದು ಮರೆತಿತ್ತು. ಕಾಲೂರಲಾಗದೆ ಕುಸಿದೆ.

ಎದುರಿಗೆ ಬರುತ್ತಿದ್ದ ಮಾವೊರಿ ಹೆಂಗಸೊಬ್ಬಳು, ಅಲ್ಲಿಯ ಮೂಲದವಳು, ನನ್ನನ್ನು ಹೊತ್ತುಕೊಂಡೇ ತನ್ನ ಗಾಡಿಯಲ್ಲಿ ಕೂರಿಸಿದಳು. ಅಷ್ಟರಲ್ಲಿ ಬಸು, ವಿದ್ಯಾ ಹುಡುಕುತ್ತ ಬಂದರು.

“ಯವ್ವಾ, ಬುದ್ಧಿ ಐತೇನ ನಿನಗ? ಬೆರಳು ನೋಡು, ಮೇಣದಂಗ ಬೆಳ್ಳಗಾಗ್ಯಾವ. ಕೊಯ್ದು ತಗೀಬೇಕಾದ್ರ ಏನ್ ಮಾಡ್ತಿ?” ಎಂದ ಬಸು.

ವಿದ್ಯಾ ಫ್ಲಾಸ್ಕಿನ ಬಿಸಿನೀರು ಸುರಿಯಲು ಹೋದಳು. ಆ ಹೆಂಗಸು ತಡೆದಳು. ಮರಗಟ್ಟಿದ ಕಾಲು ಸುಟ್ಟರೂ ತಿಳಿಯುವುದಿಲ್ಲ, ಉಜ್ಜಲೂಬಾರದು ಎಂದಳು. ತನ್ನ ಸ್ವೆಟರ್ ಎತ್ತಿ ನನ್ನ ಎರಡೂ ಪಾದಗಳನ್ನು ಬರಿಹೊಟ್ಟೆಗೆ ಒತ್ತಿಕೊಂಡಳು.

ಕಾಲು ಯಾರಿಗಾದರೂ ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಹಿಂದಕ್ಕೆಳೆದೆ. ಆಕೆ ಬಿಡಲಿಲ್ಲ.

“ಬ್ಯಾಡನ್ನು ವಿದ್ಯಾ, ನನಗ ಪಾಪ ಬರ್ತೈತಿ.”

“ಸುಮ್ಮ ಕೂಡ್ರಿ ಅತ್ತಿ. ಮೊದಲು ಕಾಲು, ಪಾಪ ಆಮ್ಯಾಲ.”

ಯಾಕೆ ಬರಿಗಾಲು ಎಂದು ಆಕೆ ಕೇಳಿದಳು. ವಿದ್ಯಾ ಹೇಳಿದಾಗ ನಕ್ಕು ಏನೋ ಅಂದಳು. ಅದನ್ನು ವಿದ್ಯಾ ನನಗೆ ತಿಳಿಸಿದಳು.

“ಈ ಬೆಟ್ಟ ಅವರ ವಂಶದ ಹಿರ್ಯಾ ಅಂತ್ರಿ ಅತ್ತಿ. ಬೂಟ್ ಹಾಕ್ಕೊಂಡು ಬಂದ್ರ ಸಿಟ್ಟಾಗೂದಿಲ್ಲಂತ. ನೆತ್ತಿ ಮ್ಯಾಲ ನಿಂದ್ರಬಾರ್ದಂತ, ಅಷ್ಟ.”

“ನನ್ನ ಮೊಣಕಾಲಿಗೆ ಅದರ ನೆತ್ತಿ ಎಲ್ಲಿ ಎಟಕ್ತೈತಿ?” ಎಂದೆ.

ಅರ್ಧ ತಾಸಿಗೆ ಕಾಲು ಉರಿಯತೊಡಗಿತು. ನಾಲ್ಕು ಹೆತ್ತವಳು, ಅಂಥ ಉರಿ ಕಂಡಿರಲಿಲ್ಲ. ಉರಿದರೆ ಉಳಿಯಿತು ಎಂದಳು ಆಕೆ. ಸಂಜೆ ಡಾಕ್ಟರೂ ಅದನ್ನೇ ಹೇಳಿದರು. ಹತ್ತು ಬೆರಳೂ ಇವೆ. ಆಕೆಯ ಹೆಸರು ಕೇಳಲಿಲ್ಲ. ಅದೊಂದು ನನ್ನ ದಡ್ಡತನ. ಕಾಲು ತೊಳೆಯುವಾಗಲೆಲ್ಲ ಆ ಹೊಟ್ಟೆಯ ಬಿಸಿ ನೆನಪಾಗುತ್ತದೆ.

ಮರುದಿನ ಬೆಳಗ್ಗೆ ವಾಪಸು ಹೊರಟಾಗ ದಾರಿಬದಿಯ ದೊಡ್ಡ ಕೆರೆಯ ಆಚೆ ಬೆಟ್ಟ ಕಂಡಿತು. ಕಾರು ನಿಲ್ಲಿಸೆಂದೆ. ಆಕೆ ಕೊಟ್ಟಿದ್ದ ಉಣ್ಣೆಯ ಕಾಲುಚೀಲಗಳನ್ನು ಕಣ್ಣಿಗೊತ್ತಿಕೊಂಡು ಹಾಕಿಕೊಂಡೆ. ಊದಿದ ಕಾಲನ್ನು ಬಸುವಿನ ದೊಡ್ಡ ಬೂಟಿನಲ್ಲಿ ತೂರಿಸಿ, ಇಳಿದು, ಬೆಟ್ಟಕ್ಕೆ ಕೈ ಮುಗಿದೆ.