ಮೂರನೆಯ ಸಿಳ್ಳೆ

ಕಳೆದ ವಾರ ಬಾಗಿಲಿಗೆ ಹೊಸ ಬೆಲ್ ಹಾಕಿಸಿದಿರಿ. ಒತ್ತಿದರೆ ಹಕ್ಕಿ ಕೂಗುತ್ತದೆ. ಮೊದಲ ಸಲ ಕೂಗಿದಾಗ ನನ್ನ ಕೈಯಲ್ಲಿದ್ದ ಅಕ್ಕಿಯ ಮೊರ ಜಾರಿ ಬಿತ್ತು. ಅಜ್ಜಿಗೆ ವಯಸ್ಸಾಯಿತು ಎಂದು ನಕ್ಕಿರಿ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ ಮಕ್ಕಳೇ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಉಡುಪಿ ಕಡೆಯಿಂದ ದೂರದ ದೊಡ್ಡ ಶಹರದ ಆಂಟಾಪ್ ಹಿಲ್ಲಿನ ಚಾಳಿಗೆ, ಒಂದೊಂದೇ ಖೋಲಿಯ ಮನೆಗಳ ಸಾಲಿಗೆ, ಬಂದಾಗ ಸ್ವಾತಂತ್ರ್ಯ ಸಿಕ್ಕಿ ಏಳೆಂಟು ವರ್ಷವಾಗಿತ್ತು. ನಿಮ್ಮ ಅಜ್ಜ ಮುಂಜಾನೆ ಹೋಟೆಲಿಗೆ ಹೋದರೆ ಬರುವಾಗ ಕತ್ತಲೆ. ಪಕ್ಕದ ಖೋಲಿಯಲ್ಲಿ ನಮ್ಮ ಕಡೆಯವರೇ ಒಬ್ಬ ಮುದುಕರಿದ್ದರು, ಹಡಗಿನಲ್ಲಿ ಅಡುಗೆ ಮಾಡಿದವರು. ಮಾವ ಎನ್ನುತ್ತಿದ್ದೆ. ಮಧ್ಯಾಹ್ನ ಅವರಿಗೆ ಗಂಜಿ ಕೊಡುವುದು ನನ್ನ ಪಾಲಿನ ಕೆಲಸ.

ಅವರ ಬಾಗಿಲ ಬಳಿ ಒಂದು ಪಂಜರವಿತ್ತು. ಒಳಗೆ ಆಫ್ರಿಕಾದಿಂದ ತಂದ ಹಕ್ಕಿ. ಮೈನಾಕ್ಕಿಂತ ಸಣ್ಣದು, ಮೈ ಕಪ್ಪು, ಹೊಟ್ಟೆ ಇಟ್ಟಿಗೆಯ ಬಣ್ಣ, ರೆಕ್ಕೆಯ ಬುಡದಲ್ಲಿ ಬಿಳಿ ಮಚ್ಚೆ. ಕೂತಲ್ಲೇ ಬಾಲವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಬೆನ್ನಿನ ಮೇಲಕ್ಕೆ ತರುತ್ತಿತ್ತು, ಕಾಣದ ಯಾರೋ ಹಿಡಿದು ಎತ್ತಿದ ಹಾಗೆ...

“ಕಲ್ಲುಗುಡ್ಡದ ಹಕ್ಕಿ ಮಗಾ,” ಎಂದಿದ್ದರು ಮಾವ. “ಬಂಡೆಯ ಅಡಿಯಲ್ಲಿ ಬೇರೆ ಹಕ್ಕಿ ಮಣ್ಣು ಮೆತ್ತಿ ಗೂಡು ಕಟ್ಟಿರ್ತದೆ. ಅದನ್ನು ಓಡಿಸಿ, ಒಳಗೆ ಕೂದಲು ಹಾಸಿ ಇದು ಸಂಸಾರ ಮಾಡ್ತದೆ. ಸ್ವರವೂ ಸ್ವಂತದ್ದಲ್ಲ ಮಾರಾಯ್ತಿ, ಎಲ್ಲ ಕದ್ದದ್ದೇ.”

ಅಂದಿನಿಂದ ತಲೆ ಬಾಚಿದ ಕೂದಲನ್ನು ಸುರುಳಿ ಮಾಡಿ ದೂರ ಎಸೆದು ಬರುತ್ತಿದ್ದೆ. ಆದರೂ ಪಂಜರದ ಮೂಲೆಯಲ್ಲಿ ಉದ್ದ ಕೂದಲಿನ ಎಳೆ ಕಾಣುತ್ತಿತ್ತು. ಗಾಳಿಗೆ ಬಂದಿರಬೇಕು.

ಒಲೆಯ ಹೊಗೆ ಕುಡಿದು ಕುಡಿದು ಮಾವನ ಗಂಟಲು ಕೆಟ್ಟಿತ್ತು. ಕರೆದರೆ ಸ್ವರ ಗೋಡೆ ದಾಟುತ್ತಿರಲಿಲ್ಲ. ಅದಕ್ಕೆ ಸಿಳ್ಳೆ ಹಾಕುತ್ತಿದ್ದರು. ನನಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ನಿಮ್ಮ ಮಾವ ಲೋಕಲ್ ಗಾಡಿಯ ಗಾರ್ಡಾ, ಸೀಟಿ ಹಾಕಿ ಸೊಸೆಯನ್ನು ಹೊರಡಿಸ್ತಾರಲ್ಲ ಎಂದು ಎದುರಿನ ಖೋಲಿಯವಳು ಹಂಗಿಸುತ್ತಿದ್ದಳು.

ಸ್ವಲ್ಪ ದಿನದಲ್ಲೇ ಹಕ್ಕಿ ಆ ಸಿಳ್ಳೆಯನ್ನು ಕಲಿತುಬಿಟ್ಟಿತು. ನಾನು ಸೆರಗು ಸರಿಮಾಡಿಕೊಂಡು ಓಡಿದರೆ ಮಾವ ನಿದ್ದೆಯಲ್ಲಿರುತ್ತಿದ್ದರು. ಪಂಜರದೊಳಗೆ ಬಾಲ ಮೇಲೇಳುತ್ತಿರುತ್ತಿತ್ತು.

ನಮ್ಮೂರಲ್ಲಿ ಮೊದಲ ಕರೆಗೆ ಯಾರೂ ಓಗೊಡುತ್ತಿರಲಿಲ್ಲ. ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದಂತೆ. ಹಕ್ಕಿಯೂ ಒಂದೇ ಸಲ ಸಿಳ್ಳೆ ಹಾಕುತ್ತಿತ್ತು. ಒಂದು ದಿನ ಧೈರ್ಯ ಮಾಡಿ, “ಬೇಕಾದರೆ ಮೂರು ಸಲ ಹಾಕಿ ಮಾವ, ಮೂರಕ್ಕೆ ಬರ್ತೇನೆ,” ಎಂದೆ.

“ಬದುಕಿರುವಾಗಲೇ ನನ್ನನ್ನು ದೆವ್ವದ ಲೆಕ್ಕಕ್ಕೆ ಸೇರಿಸಿದೆಯಾ?” ಎಂದು ನಕ್ಕು ಒಪ್ಪಿದರು.

ಅದೊಂದು ಮಟಮಟ ಮಧ್ಯಾಹ್ನ. ಚಾಳಿನಲ್ಲಿ ಸದ್ದಿಲ್ಲ. ರವಿಕೆಗೆ ಗುಂಡಿ ಹೊಲಿಯುತ್ತಿದ್ದೆ. ಸಿಳ್ಳೆ ಕೇಳಿಸಿತು. ಹಕ್ಕಿ ಎಂದುಕೊಂಡೆ. ತುಸು ಹೊತ್ತಿಗೆ ಇನ್ನೊಂದು. ಸೂಜಿ ಹಿಡಿದು ಕಾದೆ. ಮೂರನೆಯದು ಬರಲಿಲ್ಲ. ಹಕ್ಕಿ ಎಂದೂ ಎರಡು ಸಲ ಹಾಕಿದ್ದಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಏಳಲಿಲ್ಲ. ಮಾತು ಮೂರಕ್ಕೆ ಆಗಿತ್ತಲ್ಲ...

ಗಂಜಿ ತೆಗೆದುಕೊಂಡು ಹೋದಾಗ ಮಾವ ಗೋಡೆಯ ಬುಡದಲ್ಲಿ ಬಿದ್ದಿದ್ದರು. ಉಸಿರಿರಲಿಲ್ಲ. ಒಂದು ಕೈ ನಮ್ಮ ಖೋಲಿಯ ಕಡೆಗೆ ಚಾಚಿತ್ತು.

ಹೃದಯ ನಿಂತಿತು ಎಂದರು ಎಲ್ಲರೂ. ನಾನು ಬಾಯಿ ಬಿಡಲಿಲ್ಲ. ಹಕ್ಕಿಯನ್ನು ನೋಡಿಕೊಳ್ಳುವವರಿಲ್ಲದೆ ಪಂಜರ ನಮ್ಮ ಖೋಲಿಗೆ ಬಂತು. ಅದೂ ಬಾಯಿ ಬಿಡಲಿಲ್ಲ.

ಹದಿಮೂರನೆಯ ದಿನ, ಅದೇ ಹೊತ್ತಿಗೆ, ಹಕ್ಕಿ ಬಾಲವನ್ನು ಮೆಲ್ಲಗೆ ಎತ್ತಿತು. ಒಂದು ಸಿಳ್ಳೆ. ನಿಲ್ಲಿಸಿ, ಎರಡು. ಆಮೇಲೆ ಮೂರನೆಯದು... ಅದು ಅರ್ಧವೇ ಇತ್ತು. ಉಳಿದರ್ಧ ಬರೀ ಉಸಿರು.

ಮಾವ ಮೂರು ಸಲವೂ ಕರೆದಿದ್ದರು. ಕೊನೆಯದು ಗೋಡೆ ದಾಟಿರಲಿಲ್ಲ, ಅಷ್ಟೆ.

ಮರುದಿನ ಪಂಜರವನ್ನು ಹಿಂದಿನ ಗುಡ್ಡಕ್ಕೆ ಕೊಂಡುಹೋಗಿ ಬಾಗಿಲು ತೆರೆದೆ. ಹಕ್ಕಿ ಬಂಡೆಯ ಮೇಲೆ ಒಂದು ಗಳಿಗೆ ಕೂತು, ಸಂದಿಯೊಳಗೆ ಹೋಯಿತು. ಈ ಮಾತನ್ನು ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಈಗ ಅವರೂ ಇಲ್ಲ.

ಬೆಲ್ ಒಮ್ಮೆ ಕೂಗಿದರೆ ಸಾಕು, ಅಜ್ಜಿ ಎದ್ದು ಓಡುತ್ತಾಳೆ, ಎಲ್ಲಾದರೂ ಬೀಳುತ್ತಾಳೆ ಎಂದು ಬೈಯುತ್ತೀರಿ. ಎರಡನೆಯ ಸಲ ಕೂಗುವವರೆಗೆ ಕಾಯಲು ನನ್ನಿಂದಾಗದು. ನಿನ್ನೆ ಮಧ್ಯಾಹ್ನ ಒಂದೇ ಒಂದು ಕೂಗು ಕೇಳಿ ತೆರೆದಾಗ ಹೊರಗೆ ಯಾರೂ ಇರಲಿಲ್ಲ. ಆದರೂ ಬಾಗಿಲು ಹಾಕಲು ಮನಸ್ಸು ಬರಲಿಲ್ಲ.