ಬಿಜಲಿ ಗುಂಡ್ಯಾನನ್ನು ಕಂಡ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒದೆ ತಿನ್ನದವರು ಯಾರೂ ಇರಲಿಲ್ಲ. ಒದೆಯುತ್ತಿದ್ದವಳು ಬಿಜಲಿ, ನಮ್ಮ ಟಾಂಗಾದ ಕುದುರೆ. ಅಪ್ಪನ ತೊಡೆಗೆ, ಅಕ್ಕನ ಸೊಂಟಕ್ಕೆ, ನನ್ನ ಮೊಣಕಾಲಿಗೆ, ಎಲ್ಲರಿಗೂ ಅವಳ ಗೊರಸಿನ ರುಚಿ ಗೊತ್ತಿತ್ತು. ಆದರೂ ಅವಳೆಂದರೆ ನನಗೆ ಜೀವ. ಮಕ್ಕಳೇ, ಹೆದರುವವರು ಈಗಲೇ ಎದ್ದು ಒಳಗೆ ಹೋಗಿ ಟಿ.ವಿ. ನೋಡಿ. ಇದರಲ್ಲಿ ರಕ್ತ ಇದೆ. ನಾನು ಅದನ್ನು ಒರೆಸಿ ಹೇಳುವವಳಲ್ಲ.

ಅಪ್ಪ ವಿಜಯಪುರದ ಕಡೆಯಿಂದ ಬಂದು ಕಲ್ಯಾಣ ಸ್ಟೇಷನ್ನಿನ ಹೊರಗೆ ಟಾಂಗಾ ಹೊಡೆಯುತ್ತಿದ್ದ. ಖಾಡಿಯ, ಅಂದರೆ ಊರೊಳಗೆ ಚಾಚಿದ ಕಡಲಿನ, ಉಪ್ಪುನೀರಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ನಮ್ಮ ತಗಡಿನ ಮನೆ, ಅದರ ಗೋಡೆಗೆ ಅಂಟಿಕೊಂಡೇ ಬಿಜಲಿಯ ಲಾಯ. ಅವ್ವ ತೀರಿಹೋಗಿದ್ದಳು. ಅಕ್ಕನೇ ರೊಟ್ಟಿ ಬಡಿಯುತ್ತಿದ್ದಳು, ಅಕ್ಕನೇ ನನಗೂ ಬಡಿಯುತ್ತಿದ್ದಳು.

ರವಿವಾರ ಮಧ್ಯಾಹ್ನ ಗಾಡಿ ಹೂಡುತ್ತಿರಲಿಲ್ಲ. ವಾರವಿಡೀ ಡಾಂಬರಿನ ಮೇಲೆ ಓಡಿದ ಕುದುರೆಯನ್ನು ಒಂದು ಹೊತ್ತಾದರೂ ಮೆತ್ತನೆಯ ಮಣ್ಣಿನ ಮೇಲೆ ನಡೆಸಬೇಕು, ಇಲ್ಲದಿದ್ದರೆ ಕಾಲು ಕೆಡುತ್ತದೆ. ಆ ಕೆಲಸ ನನ್ನದು. ಬರಿ ಬೆನ್ನಿಗೆ ಗೋಣಿಚೀಲ ಹಾಸಿ ಹತ್ತಿ ಕುಳಿತು, ಮಲಂಗಗಡ ಬೆಟ್ಟದ ಕಡೆಯ ಕಾಲುದಾರಿ ಹಿಡಿಯುತ್ತಿದ್ದೆ. ಅಕ್ಕ ಹುಲ್ಲು ಕೊಯ್ಯಲು ಕುಡುಗೋಲು ಹಿಡಿದು ಹಿಂದೆ ನಡೆದು ಬರುತ್ತಿದ್ದಳು. ಬಿಜಲಿಯ ಬೆಚ್ಚಗಿನ ಬೆವರಿನ ವಾಸನೆ, ಕಾಲಿಗೆ ತಾಗುವ ಹುಲ್ಲು, ದೂರದಲ್ಲಿ ರೈಲಿನ ಸೀಟಿ. ಆ ಸುಖ ಯಾವ ರಾಣಿಗೂ ಇರಲಿಲ್ಲ ಬಿಡಿ.

ಒಂದೇ ಒಂದು ನಿಯಮವಿತ್ತು. ಟಾಂಗಾದ ಕುದುರೆಗೆ ಎರಡೂ ಕಣ್ಣಿನ ಪಕ್ಕದಲ್ಲಿ ತೊಗಲಿನ ಪಟ್ಟಿ ಕಟ್ಟಿರುತ್ತಾರೆ. ಅದಕ್ಕೆ ಮುಂದಿನ ರಸ್ತೆ ಮಾತ್ರ ಕಾಣಬೇಕು, ಅಕ್ಕಪಕ್ಕದ ಲಾರಿ ಬಸ್ಸು ಕಂಡರೆ ಬೆದರಿ ಓಡುತ್ತದೆ. ಲಾಯದ ಹೊರಗೆ ಆ ಪಟ್ಟಿಯನ್ನು ಬಿಚ್ಚಲೇಬಾರದು ಎಂದು ಅಪ್ಪನ ಕಟ್ಟಪ್ಪಣೆ. ಲಾರಿಯೇ ಇಲ್ಲದ ಬೆಟ್ಟದ ದಾರಿಯಲ್ಲೂ ಬಿಚ್ಚುವಂತಿರಲಿಲ್ಲ. ಟಾಂಗಾದವರ ಮನೆಯಲ್ಲಿ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಇಂಥ ಮನೆಗೆ ನಾನು ಗುಂಡ್ಯಾನನ್ನು ತಂದೆ. ಅವನ ತಾಯಿಯನ್ನು ಲಾರಿ ಅರೆದು ಹಾಕಿತ್ತು. ಅವಳ ಪಕ್ಕದಲ್ಲೇ ಕುಂಯ್‌ಗುಡುತ್ತಿದ್ದ ಮುಷ್ಟಿಯಷ್ಟು ನಾಯಿಮರಿ. ಅಬ್ಬಬ್ಬಾ, ಒಂದು ಮರಿ ಸಾಕುವುದೆಂದರೆ! ಬಿಜಲಿಗೆ ನೀರು ಕುಡಿಸಲು ಹೋದರೆ ಅವನು ಅಳುತ್ತಿದ್ದ, ಅವನಿಗೆ ಹಾಲು ಕುಡಿಸಲು ಕುಳಿತರೆ ಅವಳು ನೆಲ ಕೆರೆಯುತ್ತಿದ್ದಳು. ಲಗಾಮಿನ ತುದಿಯನ್ನೆಲ್ಲ ಅವನು ಕಡಿದು ನಾರು ಮಾಡಿದ್ದ.

ಒಂದು ಬೆಳಿಗ್ಗೆ ಗಾಡಿ ಹೂಡುವಾಗ ಗುಂಡ್ಯಾ ಬಿಜಲಿಯ ಹಿಂಗಾಲಿನ ಸಂದಿಗೆ ನುಗ್ಗಿದ. ಅವಳು ಒದ್ದಳು. ಮರಿ ಚೆಂಡಿನಂತೆ ಹಾರಿ ತಗಡಿನ ಗೋಡೆಗೆ ಬಡಿದು ಬಿತ್ತು. ಬಾಯಿಂದ ರಕ್ತ. ಬದುಕಿದ್ದೇ ಹೆಚ್ಚು.

"ಇನ್ನೊಂದ್ ಸಲ ಒದ್ರ ಈ ಕುನ್ನಿ ಸತ್ತ ಹೊಕ್ಕೈತಿ" ಎಂದ ಅಪ್ಪ. "ಕುದ್ರಿ ನಮ್ಮ ಹೊಟ್ಟಿ ತುಂಬಸ್ತೈತಿ, ಅದನ್ನ ಬಿಡಾಕ ಆಗೂದಿಲ್ಲ. ಸ್ಟೇಷನ್ ಮುಂದಿನ ಹೋಟೆಲಿನವ್ರಿಗೆ ಕಾವಲಿಗೆ ಒಂದ್ ನಾಯಿ ಬೇಕಂತ, ರವಿವಾರ ಸಂಜಿಗೆ ಬರ್ತಾರ. ಮರಿ ಅವ್ರಿಗೆ ಕೊಟ್ಟ್ ಬಿಡು."

ನಾನು ಅತ್ತೆ, ಅನ್ನ ಬಿಟ್ಟೆ, ಅಕ್ಕನ ಕೈಯಿಂದ ಎರಡು ತಿಂದೆ. ಅಪ್ಪನ ಮಾತು ಬದಲಾಗಲಿಲ್ಲ.

ಆ ರವಿವಾರ ಗುಂಡ್ಯಾನನ್ನು ಬಿಜಲಿಯ ಮೇಲೆ ಒಮ್ಮೆಯಾದರೂ ಕೂರಿಸಿ ತಿರುಗಾಡಿಸಬೇಕು ಅನ್ನಿಸಿತು. ಲಂಗದ ಮಡಿಲಲ್ಲಿ ಕಟ್ಟಿಕೊಂಡು ಹೊರಟೆ. ಅವನ ಎದೆ ನನ್ನ ಹೊಟ್ಟೆಗೆ ಡವಡವ ಬಡಿಯುತ್ತಿತ್ತು. ಕಲ್ಲುಗಣಿಯ ತಿರುವಿಗೆ ಬಂದಾಗ ಪೊದೆಯಿಂದ ಬೀದಿನಾಯಿಗಳ ಹಿಂಡೊಂದು ಎದ್ದು ಬಂತು. ಮರಿಯ ವಾಸನೆ ಸಿಕ್ಕಿರಬೇಕು. ಬೊಗಳಲೂ ಇಲ್ಲ, ನೇರ ಮೈಮೇಲೆ ಹಾರಿದವು.

ಬಿಜಲಿ ಸರ್ರನೆ ಹಿಂಗಾಲಿನ ಮೇಲೆ ಎದ್ದಳು. ನಾನು ದೊಪ್ಪನೆ ಬಿದ್ದೆ, ಮಡಿಲು ಬಿಚ್ಚಿ ಗುಂಡ್ಯಾ ಉರುಳಿದ. ಒಂದು ಕೆಂಚುನಾಯಿ ಅವನ ಕಿವಿ ಕಚ್ಚಿ ಜಾಡಿಸತೊಡಗಿತು. ನಾನು ಅದರ ಕುತ್ತಿಗೆಗೆ ಕೈ ಹಾಕಿದೆ. ಇನ್ನೊಂದು ನನ್ನ ತೋಳಿಗೆ ಬಾಯಿ ಹಾಕಿ ಮಾಂಸವನ್ನೇ ಕಿತ್ತಿತು. ನೋಡಿ, ಈ ಗುರುತು ಅದೇ. ಅಕ್ಕ ಕಿರುಚುತ್ತ ಕುಡುಗೋಲು ಬೀಸುತ್ತ ಓಡಿ ಬಂದಳು. ಅವಳ ಸೀರೆಗೇ ಎರಡು ನಾಯಿ ಜೋತುಬಿದ್ದು ಕಾಲು ಕಚ್ಚಿದವು.

ಬಿಜಲಿ ಒದೆಯುತ್ತಿದ್ದಳು, ಆದರೆ ಕುರುಡರ ಹಾಗೆ. ಪಕ್ಕದ್ದು ಕಾಣುವುದಿಲ್ಲ, ಹಿಂದಿನದು ಕಾಣುವುದಿಲ್ಲ. ಶಬ್ದ ಬಂದ ಕಡೆಗೆಲ್ಲ ಗೊರಸು. ಒಂದು ಒದೆತ ಗುಂಡ್ಯಾನ ತಲೆಯ ಪಕ್ಕದ ಕಲ್ಲಿಗೆ ಬಿದ್ದು ಕಿಡಿ ಹಾರಿತು. ಆಗ ನನಗೆ ತಟ್ಟನೆ ಹೊಳೆಯಿತು. ಅಯ್ಯೋ, ಇವಳು ಅವತ್ತು ಗುಂಡ್ಯಾನಿಗೆ ಒದ್ದದ್ದು ಸಿಟ್ಟಿನಿಂದಲ್ಲ. ಇವಳಿಗೆ ಅವನು ಕಾಣಿಸಿಯೇ ಇರಲಿಲ್ಲ!

ನಾನು ಎದ್ದು ಅವಳ ಮುಖಕ್ಕೆ ಜೋತುಬಿದ್ದೆ.

"ಪಟ್ಟಿ ಬಿಚ್ಚಬ್ಯಾಡ!" ಅಕ್ಕ ಕೂಗಿದಳು. "ಕುದ್ರಿ ಓಡಿ ಹೋದ್ರ ಅಪ್ಪ ನಮ್ಮನ್ನ ಜೀವಂತ ಹುಗೀತಾನ!"

ಅಕ್ಕನ ಮಾತು ಸುಳ್ಳಲ್ಲ. ಬಿಜಲಿ ಹೋದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಬಿಚ್ಚದಿದ್ದರೆ ಗುಂಡ್ಯಾ ಉಳಿಯುತ್ತಿರಲಿಲ್ಲ. ನಾನು ಹಲ್ಲಿನಿಂದ ಗಂಟು ಕಚ್ಚಿ ಪಟ್ಟಿ ಎಳೆದು ಬಿಸಾಕಿದೆ.

ಬಿಜಲಿ ತಲೆ ಎತ್ತಿ ಸುತ್ತ ನೋಡಿದಳು. ಕುದುರೆಯ ಕಣ್ಣುಗಳು ಮುಖದ ಬದಿಯಲ್ಲಿರುತ್ತವೆ ಮಕ್ಕಳೇ, ಪಟ್ಟಿ ಇಲ್ಲದಿದ್ದರೆ ಅದಕ್ಕೆ ಹಿಂದಿನದೂ ಕಾಣುತ್ತದೆ. ಅವಳಿಗೆ ನಾಯಿ ಕಂಡಿತು. ನಾನು ಕಂಡೆ. ನೆಲದ ಮೇಲೆ ಒದ್ದಾಡುವ ಗುಂಡ್ಯಾ ಕಂಡ. ಅವಳು ಓಡಲಿಲ್ಲ. ಕುತ್ತಿಗೆ ಬಗ್ಗಿಸಿ ಕೆಂಚುನಾಯಿಯ ಬೆನ್ನು ಕಚ್ಚಿ ಎತ್ತಿ ಎಸೆದಳು. ಅದು ಏಳುವ ಮೊದಲೇ ಮುಂಗಾಲಿನಿಂದ ತುಳಿದಳು. ಎಲುಬು ಮುರಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹಿಂದಿನಿಂದ ಬಂದದ್ದಕ್ಕೆ ದವಡೆ ಒಡೆಯುವ ಒದೆತ. ಮತ್ತೊಂದು ಅವಳ ಎದೆಗೆ ಹಾರಿ ಚರ್ಮ ಸೀಳಿತು, ರಕ್ತ ಧಾರೆಯಾಗಿ ಇಳಿಯಿತು, ಅವಳು ಜಗ್ಗಲಿಲ್ಲ. ಗುಂಡ್ಯಾ ಅವಳ ಹೊಟ್ಟೆಯ ಕೆಳಗಿದ್ದ. ಅಷ್ಟೆಲ್ಲ ತುಳಿತದಲ್ಲಿ ಒಂದು ಗೊರಸೂ ಅವನಿಗೆ ತಾಗಲಿಲ್ಲ. ಉಳಿದ ನಾಯಿಗಳು ಬಾಲ ಮುದುರಿ ಪೊದೆಗೆ ಓಡಿದವು.

ನಾನು ಅವಳ ಕಾಲು ತಬ್ಬಿಕೊಂಡು ಅತ್ತೆ. ಆ ಕಾಲು ಗಡಗಡ ನಡುಗುತ್ತಿತ್ತು.

ಮನೆಗೆ ಬಂದಾಗ ಅಪ್ಪ ಮೊದಲು ಇಬ್ಬರಿಗೂ ಬಾರಿಸಿದ. ಆಮೇಲೆ ನನ್ನ ತೋಳಿನ ರಕ್ತ, ಬಿಜಲಿಯ ಎದೆ, ಒಂದು ಕಿವಿ ಇಲ್ಲದ ಗುಂಡ್ಯಾನನ್ನು ನೋಡಿ ಅರಿಸಿನದ ಡಬ್ಬಿಗೆ ಕೈ ಹಾಕಿದ. ಅರಿಸಿನದ ನೀರಿನಿಂದ ಬಿಜಲಿಯ ಗಾಯ ತೊಳೆಯುವಾಗ ಅವನೂ ಅಳುತ್ತಿದ್ದ. ನನಗೂ ಅಕ್ಕನಿಗೂ ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸಿದ್ದು ಮರುದಿನದಿಂದ. ಆ ಉರಿ ನಾಯಿ ಕಡಿದದ್ದಕ್ಕಿಂತ ಹೆಚ್ಚು.

ಅದೇ ರವಿವಾರ ಸಂಜೆ ಹೋಟೆಲಿನವರು ಹಗ್ಗ ಹಿಡಿದು ಬಂದರು. ಉಡುಪಿ ಕಡೆಯವರು, ತಣ್ಣಗಿನ ಮನುಷ್ಯ. ಅಪ್ಪ ಕೊಟ್ಟ ಮಾತು ತಪ್ಪುವವನಲ್ಲ. ತಲೆ ತಗ್ಗಿಸಿ ಮರಿಯನ್ನು ಅವರ ಕೈಗೆ ಕೊಟ್ಟ. ಗುಂಡ್ಯಾ ಕುಂಯ್ ಎಂದ, ಅಷ್ಟೇ. ಲಾಯದಲ್ಲಿ ಫಟ್ ಎಂದು ಹಗ್ಗ ಹರಿಯಿತು. ಬಿಜಲಿ ಹೊರಗೆ ಬಂದು ಅವರ ದಾರಿಗೆ ಅಡ್ಡ ನಿಂತಳು. ಕಿವಿ ಹಿಂದಕ್ಕೆ ಮಲಗಿಸಿ, ಹಲ್ಲು ತೋರಿಸಿ, ಮುಂಗಾಲಿನಿಂದ ಅವರ ಚಪ್ಪಲಿಯ ಪಕ್ಕದಲ್ಲೇ ನೆಲ ಕುಟ್ಟಿದಳು.

"ಅಯ್ಯೋ ದೇವ್ರೆ!" ಅವರು ಮರಿಯನ್ನು ನನ್ನ ಕೈಗೆ ತುರುಕಿದರು. "ಮಾರಾಯ್ರೆ, ನಿಮ್ಮ ನಾಯಿ ನಿಮಗೇ ಇರ್ಲಿ. ನಂಗೆ ಜೀವದ ಮೇಲೆ ಆಸೆ ಉಂಟು."

ಅಪ್ಪ ನಕ್ಕದ್ದು ನೋಡಬೇಕಿತ್ತು! ಗಾಯ ಮಾಗಿದ ಮೇಲೆ ಬಿಜಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲೇ ಇಲ್ಲ, ಕಟ್ಟಲು ಹೋದ ಅಪ್ಪನ ಹೆಗಲು ಕಚ್ಚಿದಳು. ಕೊನೆಗೆ ಅಪ್ಪ ಗುಂಡ್ಯಾನನ್ನು ತನ್ನ ಕಾಲಬುಡದಲ್ಲಿ ಕೂರಿಸಿಕೊಂಡೇ ಟಾಂಗಾ ಹೊಡೆದ. ಮರಿ ಕಣ್ಣಿಗೆ ಬೀಳುತ್ತಿದ್ದರೆ ಅವಳು ಯಾವ ಲಾರಿಗೂ ಬೆದರುತ್ತಿರಲಿಲ್ಲ.

ಈಗ ಘೋಡಬಂದರ್ ರಸ್ತೆಯ ಈ ಹದಿನೆಂಟನೇ ಮಹಡಿಯ ಮನೆಯಲ್ಲಿ ನಿಮ್ಮ ನಾಯಿಮರಿಗೆ ಮೆತ್ತನೆಯ ಹಾಸಿಗೆ, ರಬ್ಬರಿನ ಎಲುಬು, ರವಿವಾರ ಬಂದು ಪಾಠ ಹೇಳುವ ಮೇಷ್ಟ್ರು. ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚಿಲ್ಲ. ನೀವು ಯಾರ ಒದೆಯನ್ನೂ ತಿನ್ನದೆ ಬೆಳೆದಿರಿ, ಹಾಗೇ ಬೆಳೆಯಿರಿ. ಆದರೆ ಮೊನ್ನೆ ಕೆಳಗಿನ ತೋಟದಲ್ಲಿ ದೊಡ್ಡ ನಾಯಿಯೊಂದು ಗುರ್ ಎಂದು ಬಂದಾಗ, ಮರಿಯ ಹಗ್ಗ ನನ್ನ ಕೈಗೆ ಕೊಟ್ಟು ಇಬ್ಬರೂ ಲಿಫ್ಟಿಗೆ ಓಡಿದಿರಿ. ನಾನು ಮರಿಯನ್ನು ಕಾಲ ನಡುವೆ ಇಟ್ಟುಕೊಂಡು, ಚಪ್ಪಲಿ ಎತ್ತಿ ನಿಂತೆ. ಆ ನಾಯಿ ಹೋಯಿತು. ಆಮೇಲೆ ನೀವು ಬಂದು ಕೇಳಿದಿರಿ: "ಅಜ್ಜಿ, ಆಪಕೋ ಡರ್ ನಹೀ ಲಗಾ?"

ಹೆದರಿಕೆ ಆಗಲಿಲ್ಲವೇ ಅಂದರೆ? ಯಾಕಿಲ್ಲ, ಬಹಳ ಹೆದರಿದ್ದೆ. ಇನ್ನೊಮ್ಮೆ ಹಾಗಾದರೆ ಓಡಬೇಡಿ, ಬಂದು ನನ್ನ ಪಕ್ಕದಲ್ಲಿ ನಿಲ್ಲಿ. ನನಗೀಗ ಒಬ್ಬಳೇ ನಿಲ್ಲಲು ಆಗುವುದಿಲ್ಲ.